ನನ್ನ ಮೊಣಕೈಗೆ ಗೋಧಿ ಕಂಡರಾಗದು

ಮನುಷ್ಯನಿಗೆ ಮೊಣಕೈ ಎಂಬ ಅಂಗವೊಂದಿದೆ ಎಂಬುದು ನನಗೆ ನಲವತ್ತೊಂಬತ್ತು ವರ್ಷ ನೆನಪೇ ಇರಲಿಲ್ಲ. ಐವತ್ತನೆಯ ವರ್ಷಕ್ಕೆ ಅದು ತಾನಾಗಿಯೇ ನೆನಪು ಮಾಡಿಕೊಟ್ಟಿತು. ಮೊದಲು ಎಡಗೈ, ಎಂಟು ದಿನ ಬಿಟ್ಟು ಬಲಗೈ. ಮೊಣಕೈಯ ಹಿಂಭಾಗದಲ್ಲಿ ಸಾಸಿವೆ ಕಾಳಿನಷ್ಟು ನೀರುಗುಳ್ಳೆಗಳು ಗುಂಪುಗುಂಪಾಗಿ ಎದ್ದವು. ತುರಿಕೆ ಎಂದರೆ ಅಂಥಿಂಥ ತುರಿಕೆಯಲ್ಲ. ಸಹಕಾರಿ ಸಂಘದ ಸಭೆಯಲ್ಲಿ "ಠರಾವಿಗೆ ಒಪ್ಪಿಗೆ ಇದ್ದವರು ಕೈ ಎತ್ತಿ" ಎಂದು ಚೇರ್‌ಮನ್ನರು ಕೇಳಿದಾಗ, ಕೆರೆದುಕೊಳ್ಳಲೆಂದು ನಾನು ಎತ್ತಿದ ಕೈಯನ್ನೇ ಹಿಡಿದು, ನಾನು ವಿರೋಧಿಸಲೆಂದು ಹೋಗಿದ್ದ ಠರಾವನ್ನು ಪಾಸು ಮಾಡಿಬಿಟ್ಟರು. (ಆ ಠರಾವಿನ ಫಲವನ್ನು ಸಂಘ ಇಂದಿಗೂ ಉಣ್ಣುತ್ತಿದೆ. ಅದು ಬೇರೆ ಮಾತು.)

ಉಗಾರ ಬುದ್ರುಕದಲ್ಲಿ ಕಬ್ಬು, ದ್ರಾಕ್ಷಿ ಎರಡೂ ಇರುವ ರೈತನಿಗೆ ತುರಿಕೆ ಬಂದರೆ ಕಾರಣ ಹುಡುಕುವ ಕಷ್ಟ ಯಾರಿಗೂ ಇಲ್ಲ. ಅರ್ಧ ಊರು ಕಬ್ಬಿನ ರವದಿ, ಅಂದರೆ ಒಣಗರಿ, ತಾಗಿದ್ದು ಎಂದಿತು. ಉಳಿದರ್ಧ ಊರು ದ್ರಾಕ್ಷಿಗೆ ಹೊಡೆಯುವ ಮೈಲುತುತ್ತದ ಪ್ರಭಾವ ಎಂದಿತು. ನಾನು ಎರಡೂ ಪಕ್ಷಕ್ಕೆ ಮರ್ಯಾದೆ ಕೊಟ್ಟು, ಕಬ್ಬಿನ ಹೊಲಕ್ಕೂ ಹೋಗದೆ, ದ್ರಾಕ್ಷಿ ತೋಟಕ್ಕೂ ಹೋಗದೆ ಪಡಸಾಲೆಯ ಮಂಚ ಹಿಡಿದೆ. ಮೂರು ಹೊತ್ತು ಚಪಾತಿ ತಿಂದು, ಸಂಜೆ ಚಹಾದಲ್ಲಿ ಖಾರಿ ಬಿಸ್ಕೀಟು ಅದ್ದಿ ತಿಂದು ವಿಶ್ರಾಂತಿ ಪಡೆದೆ. ವಿಶ್ರಾಂತಿ ಹೆಚ್ಚಿದಷ್ಟೂ ತುರಿಕೆ ಹೆಚ್ಚಿತು.

ನನ್ನ ಧರ್ಮಪತ್ನಿ ಶಿವಗಂಗವ್ವ ಬೇವಿನ ಸೊಪ್ಪು ಅರೆದು ಹಚ್ಚಿದಳು. ಅರಿಶಿನ ಹಚ್ಚಿದಳು. ಗಂಧಕದ ಎಣ್ಣೆ ಹಚ್ಚಿದಳು. ಕೊನೆಗೆ ಮೂರನ್ನೂ ಕೂಡಿಸಿ ಹಚ್ಚಿದಳು. ನಾನು ಹಸಿರು, ಹಳದಿ ಬಣ್ಣದವನಾಗಿ ಗಂಧಕದ ವಾಸನೆ ಬೀರುತ್ತ ಕುಳಿತಿದ್ದರೆ ನಮ್ಮ ಎಮ್ಮೆ ಕೂಡ ಹತ್ತಿರ ಬರಲು ಹಿಂದೆಮುಂದೆ ನೋಡುತ್ತಿತ್ತು.

ಇಷ್ಟೇ ಆಗಿದ್ದರೆ ಕೆರೆದುಕೊಂಡೇ ಉಳಿದ ಆಯುಷ್ಯ ಕಳೆಯುತ್ತಿದ್ದೆ. ಆದರೆ ಆ ವರ್ಷ, ಅಂದರೆ ತೊಂಬತ್ತರಲ್ಲಿ, ನಮ್ಮ ಒಬ್ಬಳೇ ಮಗಳು ಗೌರಾ ಹೆರಿಗೆಗೆ ಬಂದು ಗಂಡುಕೂಸು ಹೆತ್ತಳು. ದಿಗ್ಗೇವಾಡಿಯಿಂದ ಅವಳ ಅತ್ತೆ ಸುಂದ್ರವ್ವ, ಅಂದರೆ ನಮ್ಮ ಬೀಗತಿ, ಕೂಸು ನೋಡಲು ಬಂದರು. ನಾನು ಅಜ್ಜನಾದ ಗತ್ತಿನಲ್ಲಿ ಕೂಸನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದೆ. ಅಂಗಿಯ ತೋಳು ಮೇಲೆ ಸರಿಯಿತು. ಸುಂದ್ರವ್ವನವರು ನನ್ನ ಮೊಣಕೈ ನೋಡಿದರು, ಕೂಸನ್ನು ನೋಡಿದರು, ಕೂಸನ್ನು ತಾವೇ ಎತ್ತಿಕೊಂಡರು.

"ಸಿಟ್ಟ ಮಾಡಬ್ಯಾಡ್ರಿ ಬೀಗರ, ಕೂಸಿನ ಮೈ ಎಳೀದು. ಈ ತುರಿಕಿ ಹ್ವಾದ ಮ್ಯಾಲ ಎತಗೋರಿ."

"ಹೋಗತೈತ್ರಿ, ಇನ್ನ ಎಂಟ ದಿನದಾಗ ಹೋಗತೈತಿ" ಎಂದೆ.

"ಹೋಗಲಿ ಪಾಪ. ಹೋಗಲಿಲ್ಲಂದ್ರೂ ಚಿಂತಿ ಇಲ್ಲ. ಜಾವಳಕ್ಕ ಭೀಮಸಿನ ತೊಡಿ ಐತಲ್ರಿ."

ಈ ಕೊನೆಯ ಮಾತು ನನಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ನಮ್ಮ ಕಡೆ ಕೂಸಿನ ಜಾವಳ ತೆಗೆಸುವಾಗ, ಅಂದರೆ ಹುಟ್ಟುಗೂದಲು ತೆಗೆಸುವಾಗ, ಅದು ಸೋದರಮಾವನ ತೊಡೆಯ ಮೇಲೆ ಕೂಡಬೇಕು. ನಮಗೆ ಗಂಡುಮಕ್ಕಳಿಲ್ಲ. ಆದ್ದರಿಂದ ಆ ತೊಡೆ ನನ್ನದೇ ಎಂದು ಗೌರಾ ಬಸುರಿಯಾದ ದಿನವೇ ನಾನು ನಿಶ್ಚಯಿಸಿದ್ದೆ. ಭೀಮಸಿ ನನ್ನ ತಮ್ಮನ ಮಗ. ಒಳ್ಳೆಯ ಹುಡುಗ, ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅವನ ತೊಡೆಯ ಮೇಲೆ ನನ್ನ ಮೊಮ್ಮಗ ಕುಳಿತ ಚಿತ್ರ ಕಣ್ಣೆದುರು ಬಂದೊಡನೆ ನನಗೆ ಅಳು ಬಂತು. ಸುಳ್ಳು ಹೇಳುವುದಿಲ್ಲ, ದನದ ಕೊಟ್ಟಿಗೆಗೆ ಹೋಗಿ ಅತ್ತೆ.

ಜಾವಳ ಹನ್ನೊಂದನೆಯ ತಿಂಗಳಿಗೆ ಎಂದು ನಿಶ್ಚಯವಾಯಿತು. ಅಲ್ಲಿಯವರೆಗೆ ನನ್ನ ಅಜ್ಜತನ ಎಂದರೆ, ತೊಟ್ಟಿಲಿಗೆ ಉದ್ದ ಹಗ್ಗ ಕಟ್ಟಿ ಪಡಸಾಲೆಯ ಇನ್ನೊಂದು ತುದಿಯಿಂದ ತೂಗುವುದು. ಅಷ್ಟು ದೂರದಿಂದ ಕೂಸಿನ ಕಾಲು ಮಾತ್ರ ಕಾಣುತ್ತಿತ್ತು.

ಎಂಟು ದಿನದಲ್ಲಿ ಹೋಗಬೇಕಾಗಿದ್ದ ತುರಿಕೆ ಎರಡು ತಿಂಗಳಾದರೂ ಹೋಗದ್ದರಿಂದ ಶಿವಗಂಗವ್ವ ನನ್ನನ್ನು ರೈಲು ಹತ್ತಿಸಿ ಮಿರಜಕ್ಕೆ ಕರೆದೊಯ್ದಳು. ಅಲ್ಲಿಯ ಚರ್ಮರೋಗದ ಡಾಕ್ಟರು ಒಬ್ಬ ಹೆಣ್ಣುಮಗಳು. ವಯಸ್ಸು ನಮ್ಮ ಗೌರಾಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. 'ಈ ಹುಡುಗಿಗೆ ಏನು ತಿಳಿದೀತು' ಎಂದುಕೊಂಡೇ ಕುಳಿತೆ. ಅವರು ನನ್ನ ಎಡ ಮೊಣಕೈ ನೋಡಿದರು, ಬಲ ಮೊಣಕೈ ನೋಡಿದರು, ಕನ್ನಡಕ ಸರಿಮಾಡಿಕೊಂಡು ಹೇಳಿದರು:

"ಮೊಣಕಾಲ ಮ್ಯಾಲೂ ಐತಿ. ಕೂಡೂ ಜಾಗಾದಾಗೂ ಐತಿ. ಹೌದಿಲ್ರಿ ಕಾಕಾ?"

ನಾನು ಧೋತರ ಕಚ್ಚೆ ಹಾಕಿಕೊಂಡು ಕುಳಿತಿದ್ದೆ. ಒಂದು ನೆರಿಗೆ ಕೂಡ ಸರಿದಿರಲಿಲ್ಲ. ಮೊಣಕಾಲಿನ ವಿಷಯ ಹೋಗಲಿ, ಆ ಇನ್ನೊಂದು ಜಾಗದ ವಿಷಯವನ್ನು ನಾನು ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ನಾನು ಧೋತರವನ್ನು ಇನ್ನಷ್ಟು ಬಿಗಿಮಾಡಿಕೊಂಡೆ. ಶಿವಗಂಗವ್ವ ಮಾತ್ರ ಡಾಕ್ಟರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು.

"ನಿಮಗ ಹ್ಯಾಂಗ ಗೊತ್ತಾತ್ರಿ?" ಎಂದು ಕೇಳಿದಳು, ಸ್ವಲ್ಪ ಬಿರುಸಾಗಿಯೇ.

"ಈ ರೋಗ ಹಂಗ ಬರತೈತ್ರಿ ಮಾವಶಿ. ಎರಡೂ ಕಡೆ ಸರಿಸಮ. ಈಗ ಹೇಳ್ರಿ ಕಾಕಾ, ಹೊಟ್ಟಿ ಹ್ಯಾಂಗೈತಿ?"

ಮೊಣಕೈ ತೋರಿಸಲು ಬಂದವನಿಗೆ ಹೊಟ್ಟೆ ಕೇಳಿದರು! ಹೊಟ್ಟೆ ಉಬ್ಬರ, ತೇಗು, ದಿನಕ್ಕೆ ನಾಲ್ಕು ಸಲ ಚೊಂಬು ಹಿಡಿದು ಓಡುವುದು, ಇವೆಲ್ಲ ವಯಸ್ಸಿನ ಲಕ್ಷಣ ಎಂದು ನಾನು ತಿಳಿದಿದ್ದೆ. ಶಿವಗಂಗವ್ವ ಎಲ್ಲವನ್ನೂ ವರ್ಷವಾರು, ವೇಳೆಸಹಿತ ವಿವರಿಸಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತ ಕುಳಿತೆ.

ಮುಂದೆ ನಡೆದದ್ದನ್ನು ನೆನೆದರೆ ನನಗೆ ಇಂದಿಗೂ ಆಶ್ಚರ್ಯ. ನನ್ನ ಮೊಣಕೈ ಹತ್ತಿರದ ಚರ್ಮದಿಂದ ಕಡಲೆಬೇಳೆಯಷ್ಟು ಚೂರು ತೆಗೆದು ಶೀಶೆಗೆ ಹಾಕಿ ಮುಂಬೈಗೆ ಕಳಿಸಿದರು. ನಾನು ಮಿರಜ ದಾಟಿದವನಲ್ಲ. ನನಗಿಂತ ಮೊದಲು ನನ್ನ ಚರ್ಮ ಮುಂಬೈ ಕಂಡಿತು. ಆಮೇಲೆ ಉದ್ದನೆಯ ನಳಿಗೆಯ ತುದಿಗೆ ಕಟ್ಟಿದ ಒಂದು ಸಣ್ಣ ಡಬ್ಬಿಯಂಥದನ್ನು ನುಂಗಿಸಿದರು. ಅದು ನಿಧಾನವಾಗಿ ಇಳಿದು ಇಳಿದು ಕರುಳಿಗೆ ಹೋಗಿ, ಅಲ್ಲಿಯ ಒಂದು ಚೂರು ಕಚ್ಚಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಬಂತು. ಐವತ್ತು ವರ್ಷ ನಾನು ಈ ಹೊಟ್ಟೆಯೊಳಗೆ ಊಟ ಕಳಿಸಿದ್ದೇನೆ, ಒಳಗಿನ ಸುದ್ದಿ ಹೊರಗೆ ಬಂದದ್ದು ಅದೇ ಮೊದಲು.

ಮೂರು ವಾರದ ನಂತರ ಡಾಕ್ಟರಬಾಯಿ ಇಬ್ಬರನ್ನೂ ಕೂಡಿಸಿಕೊಂಡು ಹೇಳಿದರು. ರೋಗದ ಹೆಸರು ಸೀಲಿಯಾಕ್. ಕರುಳಿನ ಒಳಗೆಲ್ಲ ಹೊಸ ಟವೆಲಿನ ಹಾಗೆ ಎಳೆ ಎಳೆ ಇರಬೇಕಂತೆ, ನನ್ನದು ಸವೆದು ಬೋಳಾಗಿತ್ತಂತೆ. ಸವೆಸಿದ್ದು ಗೋಧಿ. ಗೋಧಿ ಒಳಗೆ ಹೋದೊಡನೆ ನನ್ನ ಕರುಳಿಗೆ ಸಿಟ್ಟು ಬರುತ್ತಿತ್ತು, ಆ ಸಿಟ್ಟು ಮೊಣಕೈ ಮೇಲೆ ಗುಳ್ಳೆಯಾಗಿ ಏಳುತ್ತಿತ್ತು.

"ಗಹೂ ಬಂದ್! ಪೂರ್ಣ ಬಂದ್" ಎಂದರು ಡಾಕ್ಟರಬಾಯಿ. ಮರಾಠಿಯಲ್ಲಿ ಗಹೂ ಎಂದರೆ ಗೋಧಿ, ನಕೋ ಎಂದರೆ ಬೇಡ. "ಚಪಾತಿ ನಕೋ, ಪಾವ ನಕೋ, ಬಿಸ್ಕೀಟ ನಕೋ. ಜ್ವಾಳದ ಭಾಕರಿ ತಿನ್ರಿ, ಅನ್ನ ತಿನ್ರಿ. ಜಲಮ ಪೂರಾ."

"ಹುಗ್ಗಿರಿ?" ಎಂದೆ ಸಣ್ಣ ದನಿಯಲ್ಲಿ.

"ನಕೋ."

"ಮಾದ್ಲಿ? ಶಾವಿಗಿ? ಹೋಳಿಗಿ?"

"ಕಾಕಾ, ಇವೆಲ್ಲಾ ಗಹೂನ ಹೌದಲ್ರಿ?"

ಗೋಧಿ ಎಷ್ಟು ವೇಷದಲ್ಲಿ ಓಡಾಡುತ್ತದೆ ಎಂಬುದು ನನಗೆ ಆ ದಿನ ತಿಳಿಯಿತು. ಒಂದು ಕಾಳು ಒಬ್ಬ ಮನುಷ್ಯನನ್ನು ಇಷ್ಟು ಕುಣಿಸಬಲ್ಲದೆ ಎಂದು ಬಾಯಿ ತೆರೆದು ಕುಳಿತಿದ್ದೆ. ಶಿವಗಂಗವ್ವ ನನ್ನ ಬಾಯಿ ಮುಚ್ಚಿಸಿ ಮುಖ್ಯ ಪ್ರಶ್ನೆ ಕೇಳಿದಳು.

"ಇದು ಕೂಸಿಗೆ ಅಂಟತೈತೇನ್ರಿ?"

"ಅಂಟೂ ರೋಗ ಅಲ್ಲs ಅಲ್ಲ. ಧಾರಾಳ ಎತಗೋರಿ."

ನಾನು ಅಲ್ಲಿಯೇ ಎದ್ದು ಕುಣಿಯುವುದೊಂದು ಬಾಕಿ. ಆದರೆ ದಿಗ್ಗೇವಾಡಿಯ ಬೀಗತಿ ಇದನ್ನು ಒಪ್ಪಲಿಲ್ಲ. "ಡಾಕ್ಟರಬಾಯಿ ಹೇಳಿರಬೇಕ್ರಿ. ಖರೇ ಅಂದ್ರ ಕೂಸ ಡಾಕ್ಟರಬಾಯೀದಲ್ಲ, ನಮ್ಮದೈತಿ" ಎಂದು ಹೇಳಿ ಕಳಿಸಿದರು. ಈ ವಾದಕ್ಕೆ ಉತ್ತರ ಮಿರಜದಲ್ಲಿಯೂ ಸಿಗಲಿಲ್ಲ, ಮುಂಬೈಯಲ್ಲಿಯೂ ಸಿಗುವಂತಿರಲಿಲ್ಲ.

ಡಾಕ್ಟರಬಾಯಿ ಒಂದು ಗುಳಿಗೆಯನ್ನೂ ಕೊಟ್ಟಿದ್ದರು. ಅದರ ಪ್ರತಾಪವನ್ನು ಏನು ಹೇಳಲಿ! ಮೂರೇ ದಿನದಲ್ಲಿ ತುರಿಕೆ ಮಾಯ. ನಾನು ಆ ಗುಳಿಗೆಯ ಶೀಶೆಗೆ ಒಂದು ಹೂವು ಏರಿಸಿದೆ. ಆದರೆ ಎರಡು ವಾರದ ಮೇಲೆ ರಕ್ತ ತಪಾಸಣೆ ಮಾಡಿ, ಅದು ನನ್ನ ರಕ್ತಕ್ಕೆ ಒಗ್ಗುವುದಿಲ್ಲವೆಂದು ಬಿಡಿಸಿದರು. ಇನ್ನು ಊಟವೇ ಔಷಧ, ನಿಧಾನವಾಗಿ ಗುಣವಾಗುತ್ತದೆ, ಪಥ್ಯ ಕಟ್ಟುನಿಟ್ಟಾಗಿರಲಿ ಎಂದರು. ಗುಳಿಗೆ ಹೋದ ನಾಲ್ಕನೆಯ ದಿನ ತುರಿಕೆ ಹಿಂದಿರುಗಿ ಬಂತು.

ನಾನು ಪಥ್ಯ ಹಿಡಿದೆ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ರೊಟ್ಟಿ, ಸಂಜೆ ರೊಟ್ಟಿ ಅನ್ನ. ಮದುವೆ ಮನೆಗಳಲ್ಲಿ ಹುಗ್ಗಿಯ ಪಾತ್ರೆ ಬಂದಾಗ ಕಣ್ಣು ಮುಚ್ಚಿಕೊಂಡೆ. ಎರಡು ತಿಂಗಳಾಯಿತು. ಹೊಟ್ಟೆ ತುಸು ಸುಧಾರಿಸಿತು, ಗುಳ್ಳೆ ಮಾತ್ರ ಜಾಗ ಬಿಡಲಿಲ್ಲ. ಗೌರಾ ಕೂಸು ಕಟ್ಟಿಕೊಂಡು ಗಂಡನ ಮನೆಗೆ ಹೋದಳು. ಎತ್ತಿನ ಗಾಡಿಯಲ್ಲಿ ಕುಳಿತ ಕೂಸಿಗೆ ನಾನು ದೂರದಿಂದಲೇ ಟಾಟಾ ಮಾಡಿದೆ. ಮನೆಯಲ್ಲಿ ಅಂದಿನಿಂದ ಶಿವಗಂಗವ್ವನ ವಿಚಾರಣೆ ಶುರುವಾಯಿತು.

"ಖರೇ ಹೇಳ್ರಿ. ಕುಡಚಿ ಹೋಟೆಲಿನ್ಯಾಗ ಪೂರಿ ತಿಂದೀರಿ?"

"ಮಹಾದೇವನ ಆಣಿ, ತಿಂದಿಲ್ಲ."

"ಅಂಗೈ ತೋರಿಸ್ರಿ." ಮೂಸಿ ನೋಡಿದಳು. "ಕಿಸೆ ತಗೀರಿ." ಕಿಸೆ ಝಾಡಿಸಿ ನೋಡಿದಳು. "ಮೀಸಿ ಒರಸಬ್ಯಾಡ್ರಿ, ಹಂಗ ನಿಂದರ್ರಿ."

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನಾನು ಹಲವಾರು ಸುಳ್ಳು ಹೇಳಿದ್ದೇನೆ, ಆಗೆಲ್ಲ ಅವಳು ನಂಬಿದ್ದಾಳೆ. ಒಮ್ಮೆ ಖರೆ ಹೇಳಿದರೆ ನಂಬಲಿಲ್ಲ. ನನಗೆ ನಿಜಕ್ಕೂ ಬೇಸರವಾಯಿತು. ಮತ್ತೆ ಮಿರಜಕ್ಕೆ ಹೋದಾಗ ಡಾಕ್ಟರಬಾಯಿ ಮೊಣಕೈ ನೋಡಿ ಒಂದೇ ಮಾತು ಹೇಳಿದರು: "ಗಹೂ ಇನ್ನೂ ಎಲ್ಲೋ ಐತಿ. ಹುಡುಕ್ರಿ ಮಾವಶಿ."

ಈ ಅಪ್ಪಣೆಯಿಂದ ಶಿವಗಂಗವ್ವನಿಗೆ ಪೋಲೀಸು ಖಾತೆಯ ಅಧಿಕಾರವೇ ಸಿಕ್ಕಂತಾಯಿತು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅಂಗಳಕ್ಕೆ ಸುರಿದಳು. ಇಂಗಿನಲ್ಲಿ ಗೋಧಿಹಿಟ್ಟು ಬೆರೆಸಿರುತ್ತಾರೆಂದು ಯಾರೋ ಹೇಳಿದ್ದಕ್ಕೆ ಇಂಗು ಹೊರಗೆ ಹೋಯಿತು. ಚಪಾತಿ ಲಟ್ಟಿಸುವ ಮಣೆಯನ್ನು ನೆರೆಮನೆಯ ರುಕ್ಮವ್ವನಿಗೆ ಕೊಟ್ಟಳು. ಕೊನೆಗೆ ಉಳಿದದ್ದು ಜೋಳದ ಹಿಟ್ಟಿನ ಡಬ್ಬಿ ಒಂದೇ. ಅದನ್ನು ದಿಟ್ಟಿಸಿ ನೋಡಿದಳು.

"ಇವತ್ತ ಗಿರಣಿಗೆ ನಾನೂ ಬರತೀನಿ" ಎಂದಳು.

ಓದುಗರೇ, ಇಲ್ಲಿಯವರೆಗೆ ನಿಮಗೂ ಹೇಳದೆ ಮುಚ್ಚಿಟ್ಟ ಒಂದು ಸಂಗತಿ ಇದೆ. ನಮ್ಮ ಮನೆಯ ಜೋಳವನ್ನು ಲೂನಾದ ಮೇಲೆ ಹೇರಿಕೊಂಡು ಗಿರಣಿಗೆ ಒಯ್ಯುವವನು ನಾನೇ. ಹಿಟ್ಟಿನ ಗಿರಣಿಯಲ್ಲಿ ಹಿಂದಿನವರ ಹಿಟ್ಟು ಅಷ್ಟಿಷ್ಟು ಕಲ್ಲಿನ ಸಂದಿಯಲ್ಲಿ, ಚೀಲದ ಬಾಯಲ್ಲಿ ಉಳಿದಿರುತ್ತದೆ. ಮುಂದಿನವರ ಕಾಳು ಬಿದ್ದಾಗ ಅದು ಅವರ ಡಬ್ಬಿಗೆ ಬರುತ್ತದೆ. ಅದಕ್ಕೇ ಗೋಧಿ ತಂದವರು ಜೋಳದ ಹಿಂದೆ ಪಾಳಿ ಹಚ್ಚುವುದಿಲ್ಲ. ಜೋಳ ತಂದ ಜಾಣರು ಮಾತ್ರ ಗೋಧಿಯ ಬೆನ್ನಿಗೇ ನಿಲ್ಲುತ್ತಾರೆ. ಪುಕ್ಕಟೆ ಒಂದೆರಡು ಹಿಡಿ ಗೋಧಿಹಿಟ್ಟು ಬೆರೆತು ಬರುತ್ತದೆ, ರೊಟ್ಟಿಯೂ ಬಿರಿಯದೆ ಮೆತ್ತಗಾಗುತ್ತದೆ. ನಾನು ಜಾಣ. (ಆಗ ಹಾಗೆಂದು ತಿಳಿದಿದ್ದೆ.)

ಗಿರಣಿಯ ಪಾರಿಸನಿಗೆ ಕಣ್ಣುಸನ್ನೆ ಮಾಡಲು ನೋಡಿದೆ. ಹಿಟ್ಟಿನ ಧೂಳಿನಲ್ಲಿ ಅವನಿಗೆ ಕಾಣಲಿಲ್ಲ. ಶಿವಗಂಗವ್ವ ಚೀಲ ಇಳಿಸಿ, ಖಾಲಿ ನಿಂತ ಕಲ್ಲು ತೋರಿಸಿ, "ಹಾಕೋ ಪಾರಿಸಾ" ಎಂದಳು.

"ತುಸು ತಡೀರಿ ಅಕ್ಕಾರ" ಎಂದ ಪಾರಿಸ, ಬಹಳ ವಿನಯದಿಂದ. "ಈಗ ಮಾಸ್ತರ ಮನಿ ಗೋದಿ ಬರತಾವು. ಅವು ಆದಕೂಡ್ಲೆ ನಿಮ್ಮ ಜ್ವಾಳ ಹಾಕತೇನಿ. ನಿಮ್ಮ ಮುರಗೆಪ್ಪ ಸಾವಕಾರ್ರ ಚೀಲ ಅಂದ್ರ ಗೋದಿ ಬೆನ್ನಹಿಂದs ಹಾಕಬೇಕು. ಆರ ವರ್ಸಾತ್ರಿ, ಒಂದ ದಿನಾ ತಪ್ಪಿಸಿಲ್ಲ ನಾ."

ಶಿವಗಂಗವ್ವ ನನ್ನ ಕಡೆ ತಿರುಗಿದಳು. ಮೊಣಕೈಯ ಬಗ್ಗೆ ಬೈಯುತ್ತಾಳೆಂದು ತಿಳಿದಿದ್ದೆ. ಅವಳು ಕೇಳಿದ್ದೇ ಬೇರೆ.

"ಆರ ವರ್ಸದಿಂದ ಊರ ಹೆಣ್ಮಕ್ಕಳು ಶಿವಗಂಗವ್ವನ ರೊಟ್ಟಿಯಂಥಾ ರೊಟ್ಟಿ ಇಲ್ಲ ಅಂತಾರು. ಅದು ನನ್ನ ಕೈಗುಣ ಅಲ್ಲೇನು? ಮಾಸ್ತರ ಮನಿ ಗೋದಿಯೇನ್ರಿ?"

ಅವಳ ಕಣ್ಣಲ್ಲಿ ನೀರಿತ್ತು. ನಾನು ಮೊಣಕೈ ಕೆರೆದುಕೊಂಡೆ.

ತೀರ್ಪು ಮನೆಗೆ ಬಂದ ಮೇಲೆ ಆಯಿತು. ಕೊಟ್ಟಿಗೆಯ ಮೂಲೆಯಲ್ಲಿ ಕೋಳಿಗಳು ಸಿಂಹಾಸನ ಮಾಡಿಕೊಂಡಿದ್ದ ಹಳೆಯ ಬೀಸುಕಲ್ಲನ್ನು ಹೊರಗೆ ಉರುಳಿಸಿ ಮೂರು ನೀರು ತೊಳೆದಳು. ನಾನು, "ಪಾಪ, ನಿನಗ ಈ ವಯಸ್ಸಿನ್ಯಾಗ ತ್ರಾಸ ಆತು" ಎಂದೆ.

"ನನಗ್ಯಾಕ ತ್ರಾಸ? ಚರ್ಮ ಯಾರದೈತಿ, ಅವರು ಬೀಸಬೇಕು."

"ನಾನು? ಗಂಡಸು? ಮಂದಿ ಏನಂದಾರು?"

"ಮೊಮ್ಮಗನ್ನ ತೊಡಿಮ್ಯಾಲ ಕೂಡಸ್ಕೊಳ್ಳಾವ್ರು ನೀವೋ, ಮಂದಿಯೋ?"

ಮರುದಿನ ಬೆಳಿಗ್ಗೆಯಿಂದ ನಾನು ಬೀಸತೊಡಗಿದೆ. ಬಾಗಿಲು ಹಾಕಿಕೊಂಡು, ಸದ್ದು ಹೊರಗೆ ಹೋಗದಂತೆ ರೇಡಿಯೋ ದೊಡ್ಡದಾಗಿ ಹಚ್ಚಿಕೊಂಡು, ಕಾಲು ಚಾಚಿ ಕುಳಿತು, ಒಂದು ಕೈಯಿಂದ ಗೂಟ ತಿರುಗಿಸುತ್ತ ಇನ್ನೊಂದು ಕೈಯಿಂದ ಹಿಡಿ ಹಿಡಿ ಜೋಳ ಹಾಕುತ್ತ. ಮೊದಲ ದಿನ ಒಂದು ಸೇರಿಗೆ ಭುಜ ಬಿದ್ದುಹೋಯಿತು. ನನ್ನ ಅವ್ವ ಇದೇ ಕಲ್ಲಿನಲ್ಲಿ ದಿನಾಲೂ ಹನ್ನೆರಡು ಮಂದಿಯ ಹಿಟ್ಟು ಬೀಸಿ, ಆಮೇಲೆ ಹೊಲಕ್ಕೆ ಹೋಗುತ್ತಿದ್ದಳು. ಹೇಗೆ ಬೀಸುತ್ತಿದ್ದಳೋ ಎಂದು ನಾನು ಕೈ ಬಿಟ್ಟು ಎಷ್ಟೋ ಹೊತ್ತು ಆ ಕಲ್ಲನ್ನೇ ನೋಡುತ್ತ ಕುಳಿತೆ.

ಒಂದು ತಿಂಗಳಿಗೆ ಹೊಸ ಗುಳ್ಳೆ ಏಳುವುದು ನಿಂತಿತು. ಮೂರನೆಯ ತಿಂಗಳಿಗೆ ಹಳೆಯವು ಒಣಗಿದವು. ಐದನೆಯ ತಿಂಗಳಲ್ಲಿ ಕನ್ನಡಿಗೆ ಬೆನ್ನು ಮಾಡಿ, ಕುತ್ತಿಗೆ ತಿರುವಿ ನನ್ನ ಮೊಣಕೈ ನೋಡಿಕೊಂಡೆ. ಒಂದೆರಡು ಕಂದು ಕಲೆ ಬಿಟ್ಟರೆ ಅಂಗೈಯಷ್ಟು ನುಣುಪು. ಇಂಥ ಸುಂದರವಾದ ವಸ್ತು ನನ್ನಲ್ಲಿತ್ತೆಂದು ನನಗೇ ನಂಬಿಕೆ ಬರಲಿಲ್ಲ. ಎರಡು ಸಲ ಮುಟ್ಟಿ ನೋಡಿ, ಶಿವಗಂಗವ್ವನನ್ನೂ ಕರೆದು ಮುಟ್ಟಿಸಿದೆ.

ಜಾವಳದ ದಿನ ದಿಗ್ಗೇವಾಡಿಯ ಬೀಗರ ಅಂಗಳದಲ್ಲಿ ಚಪ್ಪರ. ಸುಂದ್ರವ್ವನವರು ಬಾಗಿಲಲ್ಲೇ ನನ್ನ ಅಂಗಿಯ ತೋಳು ಭುಜದವರೆಗೆ ಏರಿಸಿ, ಬಿಸಿಲಿಗೆ ಹಿಡಿದು ಎರಡೂ ಮೊಣಕೈ ತಪಾಸಣೆ ಮಾಡಿದರು. ಭೀಮಸಿ ಕೂಡ ಹೊಸ ಧೋತರ ಉಟ್ಟು ಪಕ್ಕದಲ್ಲಿ ತಯಾರಾಗಿ ನಿಂತಿದ್ದ.

"ಕೂಡ್ರಿ ಬೀಗರ" ಎಂದರು ಕೊನೆಗೆ. "ಒಂದ ಸಲ ಕೆರಕೊಂಡ್ರೂ ಭೀಮಸಿ ಕೂಡತಾನ, ನೋಡ್ರಿ."

ಗೌರಾ ಕೂಸನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. ಹನ್ನೊಂದು ತಿಂಗಳ ಮೇಲೆ! ಅದರ ಬೆಚ್ಚನೆಯ ಬೆನ್ನು ನನ್ನ ಎದೆಗೆ ತಾಗಿತು. ನನಗೆ ಏನೇನೋ ಆಯಿತು, ಅದನ್ನು ಬರೆಯಲು ಬರುವುದಿಲ್ಲ. ಕ್ಷೌರದ ಜ್ಞಾನದೇವ ಕತ್ತರಿ ಎತ್ತಿದ.

ಆಗ ನನಗೆ ಹೊಳೆಯಿತು. ಜಾವಳದ ಕೂದಲು ಎಲ್ಲಿ ಬೀಳುತ್ತದೆ? ಬಿದ್ದದ್ದೇ ನನ್ನ ಮೊಣಕೈ ಮೇಲೆ! ಹನ್ನೊಂದು ತಿಂಗಳ ಎಳೆಗೂದಲು ಮೊಣಕೈ ಮೇಲೆ ಬಿತ್ತು, ಕೊರಳೊಳಗೆ ಹೊಕ್ಕಿತು, ಬೆನ್ನಿಗಿಳಿಯಿತು, ಒಂದೆರಡು ಎಳೆ ಮೂಗಿನೊಳಗೂ ಹೋದವು. ಸೀಲಿಯಾಕ್ ಇಲ್ಲದವನಿಗೂ ಹುಚ್ಚು ಹಿಡಿಸುವ ತುರಿಕೆ ಅದು. ಎದುರಿಗೆ ಸುಂದ್ರವ್ವನವರು ರೆಪ್ಪೆ ಬಡಿಯದೆ ನನ್ನ ಕೈ ನೋಡುತ್ತಿದ್ದರು. ನಾನು ಹಲ್ಲು ಕಚ್ಚಿದೆ. ಬೆವತೆ. ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಅಳುತ್ತಿದ್ದಾನೆಂದು ನೆರೆದವರು ತಿಳಿದರು. ಪಕ್ಕದಲ್ಲಿ ನಿಂತ ಭೀಮಸಿ ಹಾರಿದ ಕೂದಲಿಗೆ ಕುತ್ತಿಗೆಯನ್ನು ಪರಪರ ಕೆರೆದುಕೊಂಡ. ಅದನ್ನು ಬೀಗತಿ ನೋಡಿದರು. ನಾನು ಕಲ್ಲಿನ ಹಾಗೆ ಕುಳಿತೆ. ಕೂಸಿನ ತಲೆ ಬೋಳಾಗುವವರೆಗೂ ಕುಳಿತೆ.

"ಗೆದ್ರಿ ಬೀಗರ" ಎಂದರು ಸುಂದ್ರವ್ವನವರು. ಅಂದು ನನ್ನಷ್ಟು ದೊಡ್ಡ ಮನುಷ್ಯ ರಾಯಬಾಗ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ.

ಊಟದ ಪಂಕ್ತಿಯಲ್ಲಿ ನನಗೆ ನಡುವಿನ ಮಣೆ ಹಾಕಿದರು. ಎಲ್ಲರ ಎಲೆಗೂ ಗೋಧಿ ಹುಗ್ಗಿ, ಮೇಲೆ ತುಪ್ಪ. ನನ್ನೆದುರಿಗೆ ಶಿವಗಂಗವ್ವ ಮನೆಯಿಂದ ತಂದ ಗಂಟು ಬಿಚ್ಚಿ ಹತ್ತು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಇಟ್ಟಳು. ಬೀಗತಿ ಬಗ್ಗಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಹಾಗೇ ನಿಂತುಬಿಟ್ಟರು.

"ಯವ್ವಾ! ಇದು ಬೀಸುಕಲ್ಲಿನ ಹಿಟ್ಟು! ನಮ್ಮವ್ವ ಸತ್ತ ಮ್ಯಾಲ ಈ ರುಚಿ ಕಂಡಿದ್ದಿಲ್ರಿ. ಈಗಿನ ಕಾಲದಾಗ ಯಾರ ಬೀಸ್ಯಾರ?"

ನಾನು ಶಿವಗಂಗವ್ವನನ್ನು ನೋಡಿದೆ. 'ನಾನೇ' ಎಂದುಬಿಡು, ನಿನ್ನ ಕೈಗುಣ ಎಂದುಬಿಡು ಎಂದು ಕಣ್ಣಲ್ಲೇ ಬೇಡಿಕೊಂಡೆ.

"ರೊಟ್ಟಿ ಬಡದಾಕಿ ನಾನ್ರಿ" ಎಂದಳು ಅವಳು, ಸೆರಗು ಸರಿಪಡಿಸಿಕೊಂಡು, ಇಡೀ ಚಪ್ಪರಕ್ಕೆ ಕೇಳಿಸುವಂತೆ. "ಬೀಸಿದವ್ರು ನಿಮ್ಮ ಬೀಗರು. ಐದ ತಿಂಗಳಾತು, ದಿನಾ ಅವರs ಬೀಸ್ತಾರು. ಕಾಲ ಚಾಚಿ ಕುಂತು."

ಚಪ್ಪರದಲ್ಲಿ ನಗೆ ಎದ್ದಿತು. ಹೆಂಗಸರೆಲ್ಲ "ನನಗೊಂದ ಚೂರು, ನನಗೊಂದ ಚೂರು" ಎಂದು ಬಂದರು. ಹತ್ತು ರೊಟ್ಟಿ ಹತ್ತು ದಿಕ್ಕಿಗೆ ಹೋದವು. ಭೀಮಸಿ ಕೂಡ ಹುಗ್ಗಿ ಬದಿಗಿಟ್ಟು ಒಂದು ಪೂರಾ ರೊಟ್ಟಿ ಹೊಡೆದ. ನನ್ನ ಕೈಯಲ್ಲಿ ಉಳಿದದ್ದು ಒಂದೇ ಚೂರು. ಸುತ್ತಲೂ ನನಗೆ ಮುಟ್ಟಲಾಗದ ಹುಗ್ಗಿ ಹಬೆಯಾಡುತ್ತಿತ್ತು.

ಆ ಚೂರನ್ನು ಬಾಯಿಗೆ ಒಯ್ಯುವಷ್ಟರಲ್ಲಿ, ತೊಡೆಯ ಮೇಲಿದ್ದ ಬೋಳುತಲೆಯ ಮೊಮ್ಮಗ ಕೈ ಚಾಚಿ ಕಿತ್ತುಕೊಂಡ. ಎರಡೇ ಹಲ್ಲಿನಿಂದ ಕಟುಂ ಕಟುಂ ಕಡಿಯುತ್ತ, ಜೊಲ್ಲು ಸುರಿಸುತ್ತ, ತಲೆಯನ್ನು ಹಾಯಾಗಿ ನನ್ನ ಮೊಣಕೈಗೆ ಆನಿಸಿದ.

"ಮುಂದಿನ ಸಲ ಬರೂವಾಗ ನಮಗೂ ಒಂದಿಷ್ಟ ಬೀಸಿಕೊಂಡ ಬರ್ರಿ ಬೀಗರ" ಎಂದರು ಸುಂದ್ರವ್ವನವರು.

ಹೊಟ್ಟೆ ಚುರುಗುಡುತ್ತಿತ್ತು. ಮೀಸೆ ಇದ್ದ ಗಂಡಸು ಎದ್ದು ಹೋಗಬೇಕಾದ ಮಾತು ಅದು. ಆದರೆ ಎದ್ದರೆ ಕೂಸನ್ನು ಇಳಿಸಬೇಕಾಗುತ್ತಿತ್ತು.

"ಎಷ್ಟ ಸೇರ ಬೇಕಾಗತೈತ್ರಿ?" ಎಂದು ಕೇಳಿದೆ.